ಭಾವನೆಗೆ ಧಕ್ಕೆಯಾದರೆ ಸಾಕು, ಕೇಸು ಆಗುತ್ತದೆಯೇ?

ಪ್ರಶ್ನೆ: ದ್ವೇಷ ಭಾಷಣದ ಕಾನೂನು ಇದ್ದಲ್ಲಿ ವಾಕ್ ಸ್ವಾತಂತ್ರ್ಯ ಉಳಿಯುತ್ತದೆಯೇ? ಅಮೆರಿಕದಲ್ಲಿ ಏನು ಬೇಕಾದರೂ ಹೇಳಬಹುದಂತೆ. ನಮ್ಮಲ್ಲಿ ಯಾರದೋ ಭಾವನೆಗೆ ಧಕ್ಕೆಯಾದರೆ ಸಾಕು, ಒಳಗೆ ಹಾಕುತ್ತಾರಲ್ಲ?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಹೊರದೇಶದ್ದನ್ನು ಮೊದಲು ಮುಗಿಸೋಣ.

ಅಮೆರಿಕದಲ್ಲೂ ಗೆರೆ ಇದೆ, ತುಂಬ ದೂರಕ್ಕೆ ಎಳೆದಿದ್ದಾರೆ ಅಷ್ಟೆ. ಬಿಳಿಯರೇ ಶ್ರೇಷ್ಠರೆನ್ನುವ ಕೂ ಕ್ಲಕ್ಸ್ ಕ್ಲಾನ್ ಗುಂಪಿನ ಮುಖಂಡ ಬ್ರಾಂಡನ್‌ಬರ್ಗ್‌ನ ಪ್ರಕರಣದಲ್ಲಿ (1969) ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಮಾತಿಗಾಗಿ ಶಿಕ್ಷಿಸಬೇಕಾದರೆ, ಕೂಡಲೇ ಕಾನೂನು ಮುರಿಯುವಂತೆ ಜನರನ್ನು ಎಬ್ಬಿಸುವ ಉದ್ದೇಶ ಮಾತಿಗಿರಬೇಕು, ಹಾಗೆ ಆಗುವ ಸಂಭವವೂ ಇರಬೇಕು. ನಾಜಿಗಳನ್ನು ಕಂಡ ಜರ್ಮನಿಯಲ್ಲಿ ಗೆರೆ ಹತ್ತಿರದಲ್ಲೇ ಇದೆ. ದಂಡಸಂಹಿತೆಯ 130ನೇ ಕಲಂ ಪ್ರಕಾರ ಜನಾಂಗ, ಧರ್ಮದ ಗುಂಪುಗಳ ಮೇಲೆ ದ್ವೇಷ ಕೆರಳಿಸಿದರೆ 3 ತಿಂಗಳಿಂದ 5 ವರ್ಷ ಜೈಲು. ಆದರೆ ಅಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ್ದು 2018ರಲ್ಲಿ ಪೂರ್ತಿ ಜಾರಿಗೆ ಬಂದ ಸಾಮಾಜಿಕ ಜಾಲತಾಣ ಕಾಯ್ದೆ. ಎದ್ದುಕಾಣುವ ಅಕ್ರಮ ಪೋಸ್ಟನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕಿತ್ತು, ಇಲ್ಲವಾದರೆ ಕಂಪನಿಗೆ 5 ಕೋಟಿ ಯೂರೋವರೆಗೆ ದಂಡ ಬೀಳಬಹುದಿತ್ತು. ಕಂಪನಿ ನೌಕರ ಅನುಮಾನ ಬಂದದ್ದನ್ನೆಲ್ಲ ಅಳಿಸಿ ಕೈತೊಳೆದುಕೊಳ್ಳುತ್ತಾನೆ ಎಂಬುದು ಟೀಕಾಕಾರರ ಆಕ್ಷೇಪ. ಕಾನೂನಿನ ಪದಗಳ ಜೊತೆಗೆ, ಮೊದಲ ತೀರ್ಮಾನ ಯಾರ ಕೈಲಿದೆ ಎಂಬುದನ್ನೂ ನೋಡಬೇಕು ಅನ್ನುವುದು ಇದಕ್ಕೇ.

ಈಗ ‘ಧಕ್ಕೆ’ಗೆ ಬರೋಣ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಲ್ಲಾಡುವುದಿಲ್ಲ. ಸಂವಿಧಾನದ 19(2)ನೇ ವಿಧಿ ಮಾತಿಗೆ ನಿರ್ಬಂಧ ಹಾಕಬಹುದಾದ ಕಾರಣಗಳನ್ನು ಎಣಿಸಿ ಹೇಳಿದೆ: ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಇತ್ಯಾದಿ. ‘ಭಾವನೆ’ ಆ ಪಟ್ಟಿಯಲ್ಲಿಲ್ಲ. ಧಾರ್ಮಿಕ ಭಾವನೆ ಕೆರಳಿಸುವುದರ ಬಗೆಗಿನ ಹಳೆಯ ಐಪಿಸಿ 295ಎ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಕೇಳುವುದು ‘ಉದ್ದೇಶಪೂರ್ವಕ ಮತ್ತು ದುರುದ್ದೇಶದ’ ಕೃತ್ಯವನ್ನು. ಎರಡೂ ಬೇಕು, ಒಂದಿದ್ದರೆ ಸಾಲದು. ತಿಳಿಯದೆ, ಅಜಾಗರೂಕತೆಯಿಂದ ಆದ ಅವಮಾನ ಇದರೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ, ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಹೇಳಿಯಾಗಿದೆ.

ಪತ್ರಿಕೆಯೊಂದರ ಮುಖಪುಟದಲ್ಲಿ ಧೋನಿಯನ್ನು ವಿಷ್ಣುವಿನ ರೂಪದಲ್ಲಿ ತೋರಿಸಿದ್ದು ನೆನಪಿರಬಹುದು. ಕೈಗಳಲ್ಲಿ ಜಾಹೀರಾತಿನ ಸಾಮಾನುಗಳಿದ್ದವು, ಅದರಲ್ಲಿ ಒಂದು ಶೂ. ಬೆಂಗಳೂರಿನಲ್ಲಿ ದೂರು, ಅನಂತಪುರದಲ್ಲೂ ದೂರು. ಮೊದಲನೆಯದು 2016ರಲ್ಲಿ, ಎರಡನೆಯದು 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದವು. ಎರಡನೆಯದರಲ್ಲಿ ಕೋರ್ಟ್ ಹುಡುಕಿ ಕಾಣದೇ ಹೋದದ್ದು ಅದೇ ದುರುದ್ದೇಶ.

ಇನ್ನು ಅದೇ ಸಂಹಿತೆಯ 196ನೇ ಕಲಂ (ಹಳೆಯ 153ಎ). ಇದಕ್ಕೆ ಕನಿಷ್ಠ ಎರಡು ಸಮುದಾಯಗಳು ಬೇಕು, ಅವುಗಳ ನಡುವೆ ವೈರ ಬಿತ್ತುವ ಉದ್ದೇಶ ಬೇಕು. ಅಳತೆಗೋಲು ಯಾರದು? ಗಟ್ಟಿ ಮನಸ್ಸಿನ ವಿವೇಕಿಯದು, ಎಲ್ಲದಕ್ಕೂ ಬೆಚ್ಚಿಬೀಳುವವನದಲ್ಲ. 1947ರ ನಾಗಪುರ ಹೈಕೋರ್ಟಿನ ಈ ಮಾತನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ, ಸಂಸದ ಇಮ್ರಾನ್ ಪ್ರತಾಪ್‌ಗಢಿ ವಿರುದ್ಧದ ಎಫ್‌ಐಆರ್ ರದ್ದು ಮಾಡುವಾಗ ಮತ್ತೆ ಎತ್ತಿ ಹಿಡಿಯಿತು.

ಹಾಗಿದ್ದೂ ನಂಬಿಕೆ ಸಾಯದಿರುವುದಕ್ಕೆ ಕಾರಣವಿದೆ. ಇಲ್ಲಿ ಮೊದಲ ತೀರ್ಮಾನ ಠಾಣೆಯದು. 299 ಮತ್ತು 196 ಎರಡೂ ಜಾಮೀನುರಹಿತ, ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ಸರ್ಕಾರದ ಪೂರ್ವಾನುಮತಿ ಬೇಕೆನ್ನುವ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 217ನೇ ಕಲಂ ಕಾವಲು ಕಾಯುವುದು ಕೋರ್ಟಿನ ಬಾಗಿಲಲ್ಲಿ. ಠಾಣೆಯ ಬಾಗಿಲಲ್ಲಿ ಆ ಕಾವಲು ಇಲ್ಲ. ಹಾಗಾಗಿ ಮನುಷ್ಯ ಮೊದಲು ಒಳಗೆ ಹೋಗುತ್ತಾನೆ, ಅನುಮತಿ ಸಿಗಲಿಲ್ಲ ಎಂಬುದು ಆಮೇಲೆ ಗೊತ್ತಾಗುತ್ತದೆ. ಶಿಕ್ಷೆ ಆಗುವುದಿರಲಿ, ಅಲೆದಾಟವೇ ಶಿಕ್ಷೆ. ವಾಕ್ ಸ್ವಾತಂತ್ರ್ಯಕ್ಕೆ ನಮ್ಮಲ್ಲಿರುವ ನಿಜವಾದ ಅಪಾಯ ಇದು.

ಎಫ್‌ಐಆರ್ ಆಗುವ ಹಂತದಲ್ಲಿದ್ದರೆ ವಕೀಲರ ಹತ್ತಿರ ಬಿಎನ್‌ಎಸ್‌ಎಸ್‌ನ ಈ ಕಲಂಗಳ ಬಗ್ಗೆ ಕೇಳಿ. 173(3): ಎಫ್‌ಐಆರ್‌ಗೆ ಮುಂಚೆ ಪೊಲೀಸರು ಡಿವೈಎಸ್‌ಪಿ ಅನುಮತಿ ಪಡೆದು ನಡೆಸುವ 14 ದಿನದೊಳಗೆ ಪ್ರಾಥಮಿಕ ವಿಚಾರಣೆ; ಮಾತು, ಬರಹದ ಕೇಸುಗಳಲ್ಲಿ ಇದನ್ನು ಮಾಡುವುದೇ ಸರಿ ಎಂದು ಅದೇ 2025ರ ತೀರ್ಪು ಹೇಳಿದೆ. 35(3): ಬಂಧಿಸುವ ಬದಲು ಹಾಜರಾಗಲು ನೋಟಿಸ್. ಅದು ಬಂದರೆ ಹೋಗಲೇಬೇಕು, ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. 528: ಎಫ್‌ಐಆರ್ ರದ್ದು ಕೋರಿ ಹೈಕೋರ್ಟಿಗೆ ಅರ್ಜಿ. ಯಾರಾದರೂ ಆನ್‌ಲೈನ್‌ನ ಆಕ್ಷೇಪಾರ್ಹ ಸಂದೇಶವನ್ನು ಅಪರಾಧವೆನ್ನುತ್ತಿದ್ದ ಐಟಿ ಕಾಯ್ದೆಯ 66ಎ ಹೆಸರು ಹೇಳಿ ಹೆದರಿಸಿದರೆ, ಅದು 2015ರ ಮಾರ್ಚ್ 24ರಂದೇ ಸುಪ್ರೀಂ ಕೋರ್ಟಿನಲ್ಲಿ ಸತ್ತಿದೆ ಎನ್ನಿ. ಸತ್ತ ಕಲಮಿನಡಿ ಕೇಸು ಹಾಕಬೇಡಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಹೇಳಬೇಕಾಯಿತು!

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಕಥೆ ಏನು? ಸದಸ್ಯ ಹಾಕಿದ ಪೋಸ್ಟಿಗೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿವೆ. ಫಾರ್ವರ್ಡ್ ಮಾಡಿದವರ ಲೆಕ್ಕ ಬೇರೆ. ‘ನಾನು ಬರೆದದ್ದಲ್ಲ, ಓದದೆ ಕಳಿಸಿದೆ’ ಎಂದವರ ವಾದವನ್ನು ಮದ್ರಾಸ್ ಹೈಕೋರ್ಟ್ 2023ರಲ್ಲಿ ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಕೈಹಿಡಿಯಲಿಲ್ಲ.