ಬಸವ ಜಯಂತಿಯ ತಾರೀಖು ಬದಲಾಗುತ್ತದೆ, ಭರಣಿ ಮಳೆಯದು ಯಾಕೆ ಇಲ್ಲ?

ಓದುಗರ ಪ್ರಶ್ನೆ: ಅಕ್ಷಯ ತೃತೀಯ, ಬಸವ ಜಯಂತಿ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತವೆ. ಭರಣಿ ಮಳೆ ಮಾತ್ರ ಪ್ರತಿ ವರ್ಷ ಏಪ್ರಿಲ್ ಕೊನೆಗೇ ಹುಟ್ಟುತ್ತದೆ. ಎರಡೂ ಪಂಚಾಂಗದ ಲೆಕ್ಕವೇ ಅಲ್ವಾ? ಜೊತೆಗೆ, ಆ ದಿನದ ಕ್ಯಾಲೆಂಡರಿನಲ್ಲಿ ಭರಣಿ ಬದಲು ಬೇರೆ ನಕ್ಷತ್ರದ ಹೆಸರಿರುತ್ತದೆ. ಯಾವುದು ಸರಿ?

ಎರಡೂ ಸರಿ. ಕ್ಯಾಲೆಂಡರಿನ ಚೌಕದಲ್ಲಿ ದಿನಾ ಬದಲಾಗುವುದು ಚಂದ್ರ ಇರುವ ನಕ್ಷತ್ರ. ಮಳೆಗೆ ಹೆಸರು ಕೊಡುವುದು ಸೂರ್ಯ ಇರುವ ನಕ್ಷತ್ರ. ಪಂಚಾಂಗದಲ್ಲಿ ಇದನ್ನು ಮಹಾನಕ್ಷತ್ರ ಅಂತ ಬೇರೆಯಾಗಿಯೇ ಕೊಟ್ಟಿರುತ್ತಾರೆ. ಆಕಾಶದ ಸುತ್ತನ್ನು 27 ಪಾಲು ಮಾಡಿಕೊಂಡಿದ್ದಾರೆ. ಚಂದ್ರ ಒಂದು ಪಾಲನ್ನು ಹೆಚ್ಚುಕಮ್ಮಿ ಒಂದು ದಿನದಲ್ಲಿ ದಾಟುತ್ತಾನೆ. ಸೂರ್ಯನಿಗೆ ಹದಿಮೂರು, ಹದಿನಾಲ್ಕು ದಿನ ಬೇಕು. ಹಳ್ಳಿಗಳಲ್ಲಿ ಒಂದು ಮಳೆಗೆ ಎರಡು ವಾರ ಅಂತ ಲೆಕ್ಕ ಹಾಕುವುದು ಇದಕ್ಕೇ.

ಸೂರ್ಯ ಭರಣಿಗೆ ಬರುವುದು ಏಪ್ರಿಲ್ 27 ಅಥವಾ 28ಕ್ಕೆ. ಮೇ 11ರ ಹೊತ್ತಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ, ಜೂನ್ 8ರ ಆಸುಪಾಸು ಮೃಗಶಿರ, 22ರ ಹೊತ್ತಿಗೆ ಆರಿದ್ರೆ. ಇಂಗ್ಲಿಷ್ ತಿಂಗಳುಗಳೂ ಸೂರ್ಯನ ಲೆಕ್ಕದವೇ. ಹಾಗಾಗಿ ಎರಡೂ ಜೊತೆಜೊತೆಗೇ ನಡೆಯುತ್ತವೆ.

ಬಸವ ಜಯಂತಿಯ ಕತೆ ಬೇರೆ. ಅದು ವೈಶಾಖ ಶುದ್ಧ ತದಿಗೆ, ಅಂದರೆ ಅಮಾವಾಸ್ಯೆಯಿಂದ ಎಣಿಸಿದ ತಿಥಿ. ಚಂದ್ರನ ಹನ್ನೆರಡು ತಿಂಗಳು ಸೇರಿದರೂ 354 ದಿನ ಮಾತ್ರ. ಹೀಗಾಗಿ ಹಬ್ಬ ವರ್ಷಕ್ಕೆ ಹತ್ತು, ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಆಮೇಲೆ ಅಧಿಕ ಮಾಸ ಬಂದು ಮತ್ತೆ ಮುಂದಕ್ಕೆ ತಳ್ಳುತ್ತದೆ. 2024ರಲ್ಲಿ ಮೇ 10ಕ್ಕಿತ್ತು, 2025ರಲ್ಲಿ ಏಪ್ರಿಲ್ 30ಕ್ಕೆ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2027ರಲ್ಲಿ ಮತ್ತೆ ಮೇ ತಿಂಗಳಿಗೆ ಹೋಗುತ್ತದೆ.

ಹಬ್ಬ ಹೀಗೆ ಅತ್ತಿತ್ತ ಸರಿದರೆ ಯಾರಿಗೂ ನಷ್ಟವಿಲ್ಲ. ಬಿತ್ತನೆಗೆ ಅದು ಆಗಿಬರುವುದಿಲ್ಲ. ಬಿಸಿಲು, ಮೋಡ, ಗಾಳಿ ಎಲ್ಲ ಸೂರ್ಯನನ್ನೇ ನೆಚ್ಚಿಕೊಂಡಿವೆ. ಅದಕ್ಕೇ ನಮ್ಮ ರೈತರು ಮದುವೆ, ಹಬ್ಬಕ್ಕೆ ಚಂದ್ರನನ್ನು ನೋಡಿದರು, ಹೊಲಕ್ಕೆ ಸೂರ್ಯನನ್ನು ನೋಡಿದರು. ಕರಾವಳಿಯ ತುಳುವರಂತೂ ತಿಂಗಳುಗಳನ್ನೇ ಸೂರ್ಯನ ಲೆಕ್ಕದಲ್ಲಿ ಎಣಿಸುತ್ತಾರೆ. ಅಲ್ಲಿ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಯಕ್ಷಗಾನ ಮೇಳಗಳು ಅಂದು ಗೆಜ್ಜೆ ಬಿಚ್ಚುತ್ತವೆ, ಕೋಲಗಳೂ ನಿಲ್ಲುತ್ತವೆ. ಅದು ಬರುವುದು ಮೇ 24ರ ಸುಮಾರಿಗೆ. ಘಟ್ಟದ ಮೇಲೆ ರೋಹಿಣಿ ಮಳೆ ಹುಟ್ಟುವುದೂ ಆಗಲೇ.

ಇನ್ನು ಭರಣಿ ಹೊತ್ತಿಗೆ ಮಳೆ ಬರುವುದಾದರೂ ಯಾಕೆ? ಏಪ್ರಿಲ್ ಕೊನೆಯ ಹೊತ್ತಿಗೆ ನೆಲ ಚೆನ್ನಾಗಿ ಕಾದಿರುತ್ತದೆ. ಸಮುದ್ರದ ಕಡೆಯಿಂದ ತೇವದ ಗಾಳಿ ಬರುತ್ತಿರುತ್ತದೆ. ಮಧ್ಯಾಹ್ನ ಆ ಗಾಳಿ ಬಿಸಿಯಾಗಿ ಮೇಲೇರಿ ಮೋಡ ಕಟ್ಟುತ್ತದೆ, ಸಂಜೆಗೆ ಗುಡುಗು ಸಿಡಿಲಿನ ಜೊತೆ ಸುರಿಯುತ್ತದೆ. ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಇದು ಮುಂಗಾರಲ್ಲ, ಅದಕ್ಕಿಂತ ಮುಂಚಿನ ಮಳೆ. ಶಾಲೆಯ ಪುಸ್ತಕದಲ್ಲಿ ಮಾವಿನ ಹೊಯ್ಲು ಅಂತ ಓದಿದ್ದು ಇಂಥದ್ದನ್ನೇ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟದವರು ಕಾಯುವ ಹೂಮಳೆ ಇದಕ್ಕೂ ಮೊದಲು, ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಬೀಳಬೇಕು. ಅದು ಬಿದ್ದು ಎಂಟು, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ.

ಈ ಮಳೆಗಳದ್ದು ಒಂದು ಗುಣ: ಎಲ್ಲ ಕಡೆ ಬೀಳುವುದಿಲ್ಲ. ಒಂದೂರಿನ ಕೆರೆಗೆ ನೀರು ಬಂದರೆ ಪಕ್ಕದೂರಿನಲ್ಲಿ ಧೂಳು ಕೂಡ ಅಡಗಿರುವುದಿಲ್ಲ. ಸಿಕ್ಕವರಿಗೆ ಮಾತ್ರ ಲಾಭ. ಮೈಸೂರು, ಚಾಮರಾಜನಗರ, ಹಾಸನದ ಕಡೆ ಇದೇ ಹದಕ್ಕೆ ಎಳ್ಳು, ಹೆಸರು, ಅಲಸಂದೆ ಬಿತ್ತುತ್ತಾರೆ. ರಾಗಿಗೆ ಮುಂಚೆ ಒಂದು ಬೆಳೆ ಕೈಗೆ ಬರುತ್ತದೆ. "ಭರಣಿ ಮಳೆ ಬಂದರೆ ಧರಣಿ ಬದುಕೀತು" ಅನ್ನುವ ಗಾದೆಯಲ್ಲಿ "ಬಂದರೆ" ಇರುವುದು ಸುಮ್ನೆ ಅಲ್ಲ. ಬಂದೇ ಬರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಹಾಗಾದರೆ ನಕ್ಷತ್ರಕ್ಕೂ ಮಳೆಗೂ ಸಂಬಂಧವಿದೆಯಾ? ನನ್ನ ಪ್ರಕಾರ, ತಾರೀಖಿಗೆ ಇರುವಷ್ಟು ಮಾತ್ರ. ಇದಕ್ಕೆ ರೋಹಿಣಿಯೇ ಸಾಕ್ಷಿ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅಂತ ನಮ್ಮಲ್ಲಿ ಖುಷಿಪಡುತ್ತಾರೆ. ತೆಲುಗಿನವರನ್ನು ಕೇಳಿ, ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲು ಕೂಡ ಬಿರುಕು ಬಿಡುತ್ತದೆ ಅಂತಾರೆ, ಅಷ್ಟು ಬಿಸಿಲು. ಉತ್ತರ ಭಾರತದಲ್ಲಿ ಸೂರ್ಯ ರೋಹಿಣಿಗೆ ಬಂದ ಮೊದಲ ಒಂಬತ್ತು ದಿನಕ್ಕೆ ನೌತಪಾ ಅಂತಲೇ ಹೆಸರಿಟ್ಟಿದ್ದಾರೆ. ಸೂರ್ಯ ಒಬ್ಬನೇ, ನಕ್ಷತ್ರವೂ ಒಂದೇ. ಊರು ಬೇರೆಯಾದರೆ ಗಾದೆಯೂ ಬೇರೆ. ಮೃಗಶಿರಕ್ಕೆ ಬಂದರೆ ಎಲ್ಲರದೂ ಒಂದೇ ರಾಗ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ಉತ್ತರ ಕರ್ನಾಟಕದಲ್ಲಿ ಮಿರಗದ ಮಳೆ ಅಂತ ಬಿತ್ತಲು ಕಾಯುವುದು ಅದರ ಮರು ವಾರಕ್ಕೆ.

ಒಂದು ವಿಷಯ ಮಾತ್ರ ಪಂಚಾಂಗದವರು ಜಾಸ್ತಿ ಹೇಳುವುದಿಲ್ಲ. ಭರಣಿಯ ತಾರೀಖೂ ಪೂರ್ತಿ ಗಟ್ಟಿಯಲ್ಲ. ನಕ್ಷತ್ರಗಳನ್ನು ನೋಡಿ ಎಣಿಸುವ ವರ್ಷ, ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಕೂಡುತ್ತಾ ಹೋದರೆ ಹೆಚ್ಚುಕಮ್ಮಿ 72 ವರ್ಷಕ್ಕೆ ಒಂದು ದಿನ. ಮಕರ ಸಂಕ್ರಾಂತಿ ಈಗೀಗ 15ಕ್ಕೆ ಬರುವುದಕ್ಕೂ ಇದೇ ಮುಖ್ಯ ಕಾರಣ. ಬಸವಣ್ಣನವರ 12ನೇ ಶತಮಾನಕ್ಕೆ ಹೋದರೆ, ಇವತ್ತಿನ ಕ್ಯಾಲೆಂಡರಿನ ಲೆಕ್ಕದಲ್ಲಿ ಭರಣಿ ಏಪ್ರಿಲ್ ಮಧ್ಯಕ್ಕೇ ಹುಟ್ಟುತ್ತಿತ್ತು. ಈಗ ಆ ಹೊತ್ತಿಗೆ ಇರುವುದು ಅಶ್ವಿನಿ. ಸಾವಿರ ವರ್ಷಕ್ಕೆ ಒಂದು ಇಡೀ ಮಳೆಯಷ್ಟು ಜಾರಿದಂತಾಯಿತು. ಆದರೂ ಗಾದೆಗಳು ಇವತ್ತಿನ ಹವೆಗೆ ಹೊಂದುತ್ತವೆ. ಅಂದಮೇಲೆ ಅವು ತೀರಾ ಹಳೆಯವಲ್ಲ, ಇಲ್ಲವೇ ಜನರೇ ಆಗಾಗ ತಿದ್ದಿಕೊಂಡಿದ್ದಾರೆ ಅಂತ ನನ್ನ ಊಹೆ.

ಮಳೆಗೆ ವಾಹನ ಹೇಳುವುದನ್ನೂ ನೀವು ಕೇಳಿರಬಹುದು: ಕಪ್ಪೆ, ಎಮ್ಮೆ, ಆನೆ ಆದರೆ ಒಳ್ಳೆ ಮಳೆ, ಕತ್ತೆ ಆದರೆ ಅಷ್ಟಕ್ಕಷ್ಟೆ. ಮಳೆ ಹುಟ್ಟುವಾಗ ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸಿ, ಉಳಿದ ಸಂಖ್ಯೆ ನೋಡಿ ವಾಹನ ಹೇಳುತ್ತಾರೆ. ಆ ಲೆಕ್ಕದಲ್ಲಿ ಮೋಡಕ್ಕೆ ಎಲ್ಲೂ ಜಾಗವಿಲ್ಲ. ಕೇಳಲು ಮಜಾ ಇದೆ, ಬೀಜಕ್ಕೆ ದುಡ್ಡು ಹಾಕುವ ಮುಂಚೆ ಮಾತ್ರ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ.

ಇನ್ನು ಒಂದು ಪಂಚಾಂಗದಲ್ಲಿ 27, ಇನ್ನೊಂದರಲ್ಲಿ 28 ಅಂತ ಇದ್ದರೆ ಗಾಬರಿಯಾಗಬೇಡಿ. ಸೂರ್ಯ ನಕ್ಷತ್ರ ಬದಲಿಸುವುದು ರಾತ್ರಿಯಾದರೆ ಕೆಲವರು ಮಾರನೇ ದಿನಕ್ಕೆ ಬರೆಯುತ್ತಾರೆ. ಗಣಿತದ ಪದ್ಧತಿಯಲ್ಲೂ ಸಣ್ಣಪುಟ್ಟ ವ್ಯತ್ಯಾಸವಿದೆ. ಎಳ್ಳು ಬಿತ್ತುವವರಿಗೆ ಆ ಒಂದು ದಿನ ಲೆಕ್ಕಕ್ಕೇ ಇಲ್ಲ.