ಗೊತ್ತಿರುವುದು ಬೇರೆ, ಮಾಡಿಸುವುದು ಬೇರೆ

“ಅಯ್ಯನವರೇ, ನಾನು ಹೀಗೆ ಮಾಡುತ್ತೇನೆಂದು ದೇವರಿಗೆ ಮೊದಲೇ ಗೊತ್ತಿತ್ತಲ್ಲವೇ? ಗೊತ್ತಿದ್ದ ಮೇಲೆ ನಾನು ಬೇರೆ ರೀತಿ ನಡೆದುಕೊಳ್ಳುವುದಾದರೂ ಹೇಗೆ?” ಚರ್ಚಿನ ಸಭಾಪಾಲನೆಯ ಕೆಲಸಕ್ಕೆ ಬಂದವರಾರೂ ಈ ಮಾತು ಕೇಳದೆ ನಿವೃತ್ತರಾಗುವುದಿಲ್ಲ. ಕೇಳುವವರಿಗೆ ದೇವಶಾಸ್ತ್ರದಲ್ಲಿ ಆಸಕ್ತಿ ಇರುವುದು ಅಪರೂಪ. ಪಾಲುದಾರನ ಹಣ ನುಂಗಿದವರು, ಕೊಟ್ಟ ಮಾತು ಮುರಿದವರು, ಮನೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವರು ಹೀಗೆ ಕೇಳುತ್ತಾರೆ. ದೇವರ ಸರ್ವಜ್ಞತ್ವದ ಮೇಲೆ ಅವರಿಗೆ ದಿಢೀರನೆ ಹುಟ್ಟುವ ಭಕ್ತಿಯನ್ನು ಕಂಡರೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ಬಡ್ತಿ ಸಿಕ್ಕ ಮನುಷ್ಯ ಬಂದು “ಇದು ದೇವರಿಗೆ ಮೊದಲೇ ಗೊತ್ತಿತ್ತು, ಹಾಗಾಗಿ ನನ್ನ ದುಡಿಮೆಗೆ ಇದರಲ್ಲಿ ಪಾಲಿಲ್ಲ” ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಆದರೂ ಕೇಳುವವನ ಉದ್ದೇಶ ಓರೆಯಾಗಿದೆ ಎಂಬ ಕಾರಣಕ್ಕೆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಳ್ಳೆಯ ತಲೆಗಳು ಇದರೊಂದಿಗೆ ಗುದ್ದಾಡಿವೆ. ದೇವರು ಎಲ್ಲವನ್ನೂ ಬಲ್ಲನೆಂದು ಕ್ರೈಸ್ತ ನಂಬಿಕೆ ಏಕೆ ಹೇಳುತ್ತದೆ, ಮನುಷ್ಯ ತನ್ನ ಕೃತ್ಯಕ್ಕೆ ಏಕೆ ಲೆಕ್ಕ ಕೊಡಬೇಕು ಎಂಬುದನ್ನೆಲ್ಲ ಮೊದಲಿನಿಂದ ಹೇಳುವುದು ಈ ಅಂಕಣದ ಕೆಲಸವಲ್ಲ. ಜನ ಮತ್ತೆ ಮತ್ತೆ ಎಡವುವ ಜಾಗ ಒಂದೇ, ಅದನ್ನು ಬಿಡಿಸಿ ಹೇಳುತ್ತೇನೆ.

ದೇವರಿಗೆ ಒಂದು ಸಂಗತಿ ಗೊತ್ತಿದ್ದರೆ ಅದು ನಡೆದೇ ನಡೆಯುತ್ತದೆ. ಇದು ಸರಿಯಾದ ಮಾತು. ನಡೆಯದೇ ಹೋದರೆ ಅದನ್ನು ತಿಳಿವಳಿಕೆ ಎನ್ನಲಾಗುವುದಿಲ್ಲ, ಊಹೆ ತಪ್ಪಿತು ಎನ್ನಬೇಕಾಗುತ್ತದೆ. ಆದರೆ ಇಷ್ಟರಿಂದ “ಹಾಗಾದರೆ ಅದು ನಡೆಯದೆ ಬೇರೆ ದಾರಿಯೇ ಇರಲಿಲ್ಲ” ಎಂಬಲ್ಲಿಗೆ ಜಿಗಿಯುವುದಿದೆಯಲ್ಲ, ತಪ್ಪು ಅಲ್ಲಿದೆ. ಮೊದಲ ಮಾತಿನ ಖಚಿತತೆ ತಿಳಿವಳಿಕೆಗೂ ಘಟನೆಗೂ ನಡುವಿನ ನಂಟಿಗೆ ಸೇರಿದ್ದು. ಎರಡನೆಯ ಮಾತು ಅದನ್ನು ಅಲ್ಲಿಂದ ಕಿತ್ತು ಘಟನೆಯ ಬೆನ್ನಿಗೆ ಕಟ್ಟುತ್ತದೆ.

ನನ್ನೆದುರು ಕುಳಿತವರಿಗೆ ನಾನು ಹೇಳುವುದು ಇಷ್ಟೇ. ನೀವು ಈ ಕುರ್ಚಿಯಲ್ಲಿ ಕುಳಿತಿದ್ದೀರೆಂದು ನನಗೆ ಗೊತ್ತು. ನನಗೆ ನಿಜವಾಗಿ ಗೊತ್ತಿರುವುದಾದರೆ ನೀವು ಕುಳಿತಿರಲೇಬೇಕು, ಸಂಶಯವಿಲ್ಲ. ಹಾಗೆಂದು ನಿಮ್ಮನ್ನು ಕೂರಿಸಿದ್ದು ನನ್ನ ತಿಳಿವಳಿಕೆಯೇ? ನಿಮಗೆ ಕಾಲು ನೋಯುತ್ತಿತ್ತು, ಕುರ್ಚಿ ಖಾಲಿ ಇತ್ತು, ಕುಳಿತಿರಿ. ನೀವು ಕುಳಿತದ್ದರಿಂದ ನನಗೆ ಗೊತ್ತಾಯಿತೇ ಹೊರತು ನನಗೆ ಗೊತ್ತಿದೆಯೆಂದು ನೀವು ಕುಳಿತದ್ದಲ್ಲ. ನೀವು ನಿಂತೇ ಇದ್ದಿದ್ದರೆ ನನ್ನ ತಿಳಿವಳಿಕೆಯೂ ಬೇರೆಯೇ ಇರುತ್ತಿತ್ತು. ಇಷ್ಟು ಹೇಳಿದಾಗ ತಲೆಯಾಡಿಸುತ್ತಾರೆ. ಬಾಗಿಲ ತನಕ ಹೋಗಿ ತಿರುಗಿ ನಿಂತು, “ಆದರೂ ಅಯ್ಯನವರೇ, ದೇವರಿಗೆ ಮೊದಲೇ ಗೊತ್ತಿತ್ತಲ್ಲ...” ಎನ್ನುತ್ತಾರೆ. ತಾಳ್ಮೆ ಪವಿತ್ರಾತ್ಮನ ಫಲವೆಂದು ಪೌಲನು ಬರೆದದ್ದು ನನಗೆ ನೆನಪಾಗುವುದು ಆಗಲೇ.

ಕುರ್ಚಿಯ ಉದಾಹರಣೆ ನನ್ನದಲ್ಲ. ಬೊಯೇಥಿಯಸ್ ಎಂಬ ರೋಮನ್ ವಿದ್ವಾಂಸ 524ರ ಸುಮಾರಿಗೆ ಥಿಯೊಡೊರಿಕ್ ರಾಜನ ಸೆರೆಯಲ್ಲಿ ಮರಣದಂಡನೆಯನ್ನು ಎದುರುನೋಡುತ್ತ ಬರೆದ ಪುಸ್ತಕದ ಕೊನೆಯ ಭಾಗದಲ್ಲಿ ಇದೇ ವಿಷಯವನ್ನು ಚರ್ಚಿಸಿದ್ದಾನೆ. ಕುಳಿತ ಮನುಷ್ಯನ ಮಾತು ಅಲ್ಲಿಯೇ ಬರುತ್ತದೆ. ಅದಕ್ಕಿಂತ ಚುರುಕಾದ ಇನ್ನೊಂದನ್ನೂ ಅವನು ಕೊಡುತ್ತಾನೆ: ಸೂರ್ಯ ಏರುವುದನ್ನೂ ನೆಲದ ಮೇಲೆ ಒಬ್ಬ ನಡೆದುಹೋಗುವುದನ್ನೂ ನಾವು ಒಂದೇ ಹೊತ್ತಿನಲ್ಲಿ ನೋಡಬಹುದು. ಸೂರ್ಯನಿಗೆ ಏರದೆ ಗತಿಯಿಲ್ಲ, ನಡೆಯುವವನು ತನ್ನ ಮನಸ್ಸಿನಿಂದ ನಡೆಯುತ್ತಿದ್ದಾನೆ. ಒಂದೇ ಕಣ್ಣು ಎರಡನ್ನೂ ಕಂಡಿತೆಂದು ಎರಡೂ ಒಂದೇ ಬಗೆಯವಾಗುವುದಿಲ್ಲ. ಹಾಗೆಯೇ ದೇವರು ಬಲವಂತದಿಂದ ಆಗುವುದನ್ನು ಬಲವಂತದ್ದೆಂದೂ ಸ್ವಇಚ್ಛೆಯಿಂದ ಆಗುವುದನ್ನು ಸ್ವಇಚ್ಛೆಯದೆಂದೂ ಬಲ್ಲನು. ನೀವು ಸುಳ್ಳು ಹೇಳುವಿರೆಂದಷ್ಟೇ ಆತನಿಗೆ ಗೊತ್ತಿದ್ದುದಲ್ಲ, ನೀವಾಗಿಯೇ ಹೇಳುವಿರೆಂದು ಗೊತ್ತಿತ್ತು. ಆತನ ತಿಳಿವಳಿಕೆಯನ್ನು ಸಾಕ್ಷಿಗೆ ಕರೆದರೆ ಅದು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ!

ಬೊಯೇಥಿಯಸ್‌ಗಿಂತ ಮೊದಲೇ, ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್, ದೇವರು ಬಲ್ಲನೆಂಬ ಕಾರಣಕ್ಕೆ ಸಂಗತಿ ಆಗುವುದಿಲ್ಲ, ಅದು ಆಗಲಿರುವುದರಿಂದ ದೇವರು ಅದನ್ನು ಬಲ್ಲನು ಎಂದು ವಾದಿಸಿದ್ದ. ಕ್ರೈಸ್ತ ದೇವಶಾಸ್ತ್ರಜ್ಞ ಅಗಸ್ಟೀನ್ ತನ್ನ ಗೆಳೆಯ ಎವೋಡಿಯಸ್‌ನೊಂದಿಗಿನ ಸಂವಾದದಲ್ಲಿ ನೆನಪಿನ ಮಾತೆತ್ತುತ್ತಾನೆ: ನಿನ್ನ ನೆನಪು ಆಗಿಹೋದದ್ದನ್ನು ಆಗುವಂತೆ ಬಲವಂತ ಮಾಡಿಲ್ಲ, ದೇವರ ಮುಂದರಿವು ಆಗಲಿರುವುದನ್ನು ಬಲವಂತ ಮಾಡುವುದೂ ಇಲ್ಲ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಹೆಸರು ಇಲ್ಲಿ ಬಂದೇ ಬರುತ್ತದೆ. “ಪಾಪ ಯೂದ, ಅವನೇನು ಮಾಡಿಯಾನು” ಎನ್ನುವವರು ಬಹಳ. ಅದೇ ರಾತ್ರಿ ಯೇಸು ಇನ್ನೊಬ್ಬನ ಬಗ್ಗೆಯೂ ಮುಂಚಿತವಾಗಿ ಹೇಳಿದ್ದನ್ನು ಅವರು ಮರೆತಿರುತ್ತಾರೆ. ಕೋಳಿ ಕೂಗುವ ಮೊದಲು ಮೂರು ಸಾರಿ ನನ್ನನ್ನು ಅರಿಯೆನೆನ್ನುವಿ ಎಂಬ ಮಾತು ಶಿಷ್ಯ ಪೇತ್ರನಿಗೆ ಮುಖಾಮುಖಿಯಾಗಿ ಬಂತು. ಮಹಾಯಾಜಕನ ಅಂಗಳದಲ್ಲಿ ಆಮೇಲೆ ಏನಾಯಿತು ನೋಡಿ. ಚಳಿಗೆ ಆಳುಗಳು ಇದ್ದಲಿನ ಬೆಂಕಿ ಹಾಕಿಕೊಂಡಿದ್ದಾರೆ, ಪೇತ್ರನೂ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದಾನೆ. ಒಬ್ಬ ದಾಸಿ ಅವನ ಮುಖ ದಿಟ್ಟಿಸುತ್ತಾಳೆ. ಅವನ ಮಾತಿನ ರೀತಿಯೇ ಅವನು ಗಲಿಲಾಯದವನೆಂದು ತೋರಿಸಿಕೊಡುತ್ತದೆ. ಯೇಸುವನ್ನು ಹಿಡಿದಾಗ ತೋಟದಲ್ಲಿ ಅವನು ಕಿವಿ ಕತ್ತರಿಸಿದವನ ನಂಟನೊಬ್ಬನೂ ಅಲ್ಲೇ ಇದ್ದಾನೆ. ಹೆದರಲು ಇಷ್ಟು ಸಾಲದೇ? ಆಣೆಯಿಟ್ಟು ಅಲ್ಲಗಳೆಯುತ್ತಾನೆ. ಯೇಸುವಿನ ಮಾತು ಅವನಿಗೆ ನೆನಪಾಗುವುದು ಕೋಳಿ ಕೂಗಿದ ಮೇಲೆ. ಅಲ್ಲಿಯವರೆಗೆ ಆ ಮುನ್ನುಡಿ ಅವನ ಮನಸ್ಸಿನಲ್ಲೇ ಇರಲಿಲ್ಲ. ಅವನು ಸುಳ್ಳು ಹೇಳಿದ್ದಕ್ಕೆ ಕಾರಣಗಳನ್ನು ಪಟ್ಟಿ ಮಾಡಿ: ಬೆಂಕಿಯ ಬೆಳಕು, ದಾಸಿಯ ಕಣ್ಣು, ಗಲಿಲಾಯದ ಉಚ್ಚಾರ, ಪ್ರಾಣಭಯ. ಆ ಪಟ್ಟಿಗೆ ‘ಯೇಸುವಿಗೆ ಮೊದಲೇ ಗೊತ್ತಿದ್ದುದು’ ಎಂಬುದನ್ನೂ ಸೇರಿಸಿದರೆ ವಿವರಣೆ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಪೇತ್ರನಿಗೂ ಇದು ತಿಳಿದಿತ್ತು. ಹೊರಗೆ ಹೋಗಿ ಅತ್ತನೇ ಹೊರತು “ನೀವೇ ಹೇಳಿದ್ದಿರಲ್ಲ ಸ್ವಾಮೀ” ಎನ್ನಲಿಲ್ಲ.

ಒಂದು ಎಚ್ಚರಿಕೆ. ನಾನು ಮಾತನಾಡುತ್ತಿರುವುದು ಪೂರ್ವಜ್ಞಾನದ ಬಗ್ಗೆ, ಪೂರ್ವನೇಮಕದ ಬಗ್ಗೆ ಅಲ್ಲ. ದೇವರು ಮುಂದಾಗುವುದನ್ನು ಬಲ್ಲನೆಂಬುದು ಒಂದು, ಆತನೇ ಅದನ್ನು ನಿಶ್ಚಯಿಸಿದ್ದಾನೆಂಬುದು ಇನ್ನೊಂದು. ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನ್‌ನ ಪರಂಪರೆಯವರು ದೇವರು ನಿಶ್ಚಯಿಸಿರುವುದರಿಂದಲೇ ಬಲ್ಲನೆನ್ನುತ್ತಾರೆ. ಅವರಿಗೆ ಮೇಲಿನ ಕುರ್ಚಿಯ ವಾದ ಸಾಲದು, ಅವರು ಸ್ವಾತಂತ್ರ್ಯವನ್ನೇ ಬೇರೆ ಬಗೆಯಲ್ಲಿ ವಿವರಿಸುತ್ತಾರೆ: ಬಲವಂತವಿಲ್ಲದೆ ತನ್ನ ಮನಸ್ಸಿಗೆ ಬಂದದ್ದನ್ನು ಮಾಡಿದರೆ ಸಾಕು, ಅದು ಸ್ವತಂತ್ರ ಕೃತ್ಯವೇ. 1524ರಲ್ಲಿ ವಿದ್ವಾಂಸ ಎರಾಸ್ಮಸ್ ಸ್ವಇಚ್ಛೆಯ ಪರವಾಗಿ ಬರೆದ, ಮರುವರ್ಷ ಸುಧಾರಕ ಲೂಥರ್ ಅವನಿಗೆ ಉತ್ತರ ಕೊಟ್ಟ, 1618–19ರಲ್ಲಿ ಹಾಲೆಂಡಿನ ಡಾರ್ಟ್‌ನಲ್ಲಿ ಸಭೆಯೇ ಸೇರಿತು. ಈ ಜಗಳ ದೊಡ್ಡದು, ಇಲ್ಲಿ ಹಿಡಿಸುವುದಿಲ್ಲ. ಆದರೆ ಯಾವ ಪಂಗಡದ ಗುರುವೂ “ದೇವರಿಗೆ ಗೊತ್ತಿತ್ತು, ಹಾಗಾಗಿ ನಿನ್ನ ತಪ್ಪಿಲ್ಲ” ಎಂದು ಕಲಿಸಿಲ್ಲ. ಪಂಚಾಶತ್ತಮದ ದಿನ, ಪವಿತ್ರಾತ್ಮ ಇಳಿದುಬಂದ ಆ ಹಬ್ಬದಂದು, ಪೇತ್ರ ಮಾಡಿದ ಪ್ರಸಂಗದಲ್ಲಿ ದೇವರ ಸಂಕಲ್ಪವೂ ಪೂರ್ವಜ್ಞಾನವೂ ಯೇಸುವನ್ನು “ನೀವು ಕೊಂದಿರಿ” ಎಂಬ ಆರೋಪವೂ ಒಂದೇ ಉಸಿರಿನಲ್ಲಿ ಬರುತ್ತವೆ.

ಇನ್ನು ಚುರುಕು ವಿದ್ಯಾರ್ಥಿಗಳ ಸರದಿ. ಅವರು ಕುರ್ಚಿಗೆ ಮರುಳಾಗುವುದಿಲ್ಲ, ಅದಕ್ಕಾಗಿಯೇ ಅವರೆಂದರೆ ನನಗೆ ಇಷ್ಟ. “ನೀವು ನೋಡಿದ್ದು ಈಗ, ನಾನು ಕುಳಿತದ್ದೂ ಈಗ. ದೇವರು ಬಲ್ಲದ್ದು ನಿನ್ನೆಯೇ. ನಿನ್ನೆಯನ್ನು ಯಾರೂ ತಿದ್ದಲಾರರು. ದೇವರು ತಪ್ಪಲಾರನು. ಹಾಗಾದರೆ ಇಂದು ನನ್ನ ಕೈಯಲ್ಲಿ ಏನು ಉಳಿಯಿತು?” ಇದೇ ನಿಜವಾದ ಗಂಟು. ತತ್ತ್ವಶಾಸ್ತ್ರಜ್ಞ ನೆಲ್ಸನ್ ಪೈಕ್ 1965ರ ಲೇಖನದಲ್ಲಿ ಇದನ್ನು ಬಿಗಿಯಾಗಿ ಕಟ್ಟಿಟ್ಟ ಮೇಲೆ ತತ್ತ್ವಶಾಸ್ತ್ರಜ್ಞರು ಇಂದಿಗೂ ಬಿಡಿಸುತ್ತಲೇ ಇದ್ದಾರೆ. ಮೊದಲು ಹೇಳಿದ ತಪ್ಪು ಜಿಗಿತ ಇದರಲ್ಲಿಲ್ಲ, ಇದರ ಬಲ ನಿನ್ನೆಯ ಸ್ಥಿರತೆಯಲ್ಲಿದೆ.

ಬೊಯೇಥಿಯಸ್‌ನ ಉತ್ತರ: ದೇವರಿಗೆ ನಿನ್ನೆ ಎಂಬುದೇ ಇಲ್ಲ. ಕೊನೆಯಿಲ್ಲದ ಜೀವವನ್ನು ಇಡಿಯಾಗಿ, ಒಮ್ಮೆಗೇ ಹೊಂದಿರುವುದೇ ನಿತ್ಯತೆ. ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದನ್ನು ಎತ್ತರದಲ್ಲಿ ನಿಂತು ಇಡೀ ದಾರಿಯನ್ನು ನೋಡುವವನಿಗೆ ಹೋಲಿಸಿದ. ದಾರಿಯಲ್ಲಿ ನಡೆಯುವವನಿಗೆ ಹಿಂದೆ ಬರುವವರು ಕಾಣುವುದಿಲ್ಲ, ಮೇಲಿನವನಿಗೆ ಎಲ್ಲರೂ ಒಟ್ಟಿಗೆ ಕಾಣುತ್ತಾರೆ. ಕಥೊಲಿಕ ಸಭೆಯ ಧರ್ಮೋಪದೇಶ ಗ್ರಂಥದ 600ನೆಯ ಪರಿಚ್ಛೇದವೂ ಇದೇ ಧಾಟಿಯದು. ಕಾಲದ ಎಲ್ಲ ಕ್ಷಣಗಳೂ ದೇವರಿಗೆ ನೇರವಾಗಿ ಎದುರಿಗಿವೆ, ಆತನ ನಿತ್ಯ ಯೋಜನೆಯಲ್ಲಿ ಪ್ರತಿಯೊಬ್ಬನೂ ಕೃಪೆಗೆ ಕೊಡುವ ಸ್ವತಂತ್ರ ಉತ್ತರವೂ ಸೇರಿದೆ ಎನ್ನುತ್ತದೆ. ಪರೀಕ್ಷೆಯಲ್ಲಿ ಎತ್ತರದ ಮನುಷ್ಯನ ಚಿತ್ರ ಬರೆದು ಕೆಲಸ ಮುಗಿಯಿತೆಂದುಕೊಳ್ಳುವವರಿಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಹಿಂದೆ ಬರುವವರು ದಾರಿಯಲ್ಲಿ ಆಗಲೇ ಇದ್ದಾರೆ. ನಾಳೆಯ ನನ್ನ ಸುಳ್ಳು ಎಲ್ಲಿದೆ? ಈ ಪ್ರಶ್ನೆಯನ್ನಾದರೂ ಎತ್ತಬೇಕು.

ಹದಿನಾಲ್ಕನೆಯ ಶತಮಾನದ ದಾರ್ಶನಿಕ ಓಕಮ್ ಬೇರೆ ದಾರಿ ಹಿಡಿದ. ಹಿಂದಿನದೆಂದು ಹೇಳುವುದೆಲ್ಲ ನಿಜವಾಗಿ ಮುಗಿದುಹೋದದ್ದಲ್ಲ ಎಂದ. “ನಿನ್ನೆ ಮಳೆ ಬಂತು” ಎಂಬುದು ಮುಗಿದ ಮಾತು. “ಇವನು ನಾಳೆ ಸುಳ್ಳು ಹೇಳುವನೆಂಬುದು ನಿನ್ನೆಯೇ ನಿಜವಾಗಿತ್ತು” ಎಂಬುದು ನೋಡಲು ನಿನ್ನೆಯ ಮಾತು, ಆದರೆ ಅದರ ಭಾರವೆಲ್ಲ ನಾಳೆಯ ಮೇಲಿದೆ. ದೇವರ ಪೂರ್ವಜ್ಞಾನವೂ ಈ ಎರಡನೆಯ ಬಗೆಯದು ಎಂಬುದು ಅವನ ವಾದ.

ಮೂರನೆಯವನು ಲೂಯಿಸ್ ಡಿ ಮೊಲಿನಾ, ಸ್ಪೇನಿನ ಯೇಸುಸಭೆಯ (ಜೆಸ್ವಿಟ್) ಗುರು. 1588ರಲ್ಲಿ ಲಿಸ್ಬನ್‌ನಲ್ಲಿ ಪ್ರಕಟವಾದ ಅವನ ಗ್ರಂಥದ ತಿರುಳು ‘ಮಧ್ಯಮ ಜ್ಞಾನ’. ಏನೇನು ಆಗಬಹುದೆಂಬುದೂ ಏನು ಆಗಲಿದೆಯೆಂಬುದೂ ದೇವರಿಗೆ ಗೊತ್ತು. ಇವೆರಡರ ನಡುವೆ, ಯಾವ ಸನ್ನಿವೇಶದಲ್ಲಿ ಯಾರು ತಮ್ಮ ಸ್ವಇಚ್ಛೆಯಿಂದ ಏನು ಮಾಡುತ್ತಿದ್ದರು ಎಂಬುದೂ ಗೊತ್ತು. ಇದಕ್ಕೆ ಮೊಲಿನಾನ ಪಕ್ಷದವರು ತೋರಿಸುವ ಬೈಬಲ್ ಭಾಗ ನನಗೆ ಬಹಳ ಪ್ರಿಯ. 1 ಸಮುವೇಲ 23ನೆಯ ಅಧ್ಯಾಯ. ಕಣಗಳನ್ನು ಸೂರೆ ಮಾಡುತ್ತಿದ್ದ ಫಿಲಿಷ್ಟಿಯರಿಂದ ಕೆಯೀಲ ಊರನ್ನು ದಾವೀದ ಕಾಪಾಡಿದ್ದಾನೆ. ರಾಜ ಸೌಲ ತನ್ನನ್ನು ಹಿಡಿಯಲು ಬರುತ್ತಾನೆಂಬ ಸುದ್ದಿ ಬಂದಾಗ ಯಾಜಕ ಎಬ್ಯಾತಾರನಿಂದ ಏಫೋದನ್ನು (ದೇವರ ಚಿತ್ತ ಕೇಳಲು ಬಳಸುವ ಯಾಜಕವಸ್ತ್ರ) ತರಿಸಿ ದೇವರನ್ನು ಕೇಳುತ್ತಾನೆ: ಸೌಲ ಬರುವನೋ? ಬರುವನು. ಊರಿನವರು ನನ್ನನ್ನು ಒಪ್ಪಿಸಿಬಿಡುವರೋ? ಒಪ್ಪಿಸುವರು. ದಾವೀದ ಸುಮಾರು 600 ಮಂದಿಯೊಂದಿಗೆ ಊರು ಬಿಟ್ಟ. ಸುದ್ದಿ ತಿಳಿದ ಸೌಲ ಹೊರಡಲೇ ಇಲ್ಲ, ಊರಿನವರು ಯಾರನ್ನೂ ಒಪ್ಪಿಸಲಿಲ್ಲ. ಹಾಗಾದರೆ ದೇವರು ಹೇಳಿದ್ದು ಸುಳ್ಳೇ? ಅಲ್ಲ. ದಾವೀದ ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಳಿದ್ದು. ಮೊಲಿನಾನ ಸಿದ್ಧಾಂತಕ್ಕೆ ಕಷ್ಟದ ಪ್ರಶ್ನೆಗಳಿವೆ. ನಡೆಯದೇ ಹೋದ ಆಯ್ಕೆಯ ಬಗೆಗಿನ ಮಾತನ್ನು ನಿಜವಾಗಿಸುವುದು ಯಾವುದು ಎಂಬುದು ಎಲ್ಲಕ್ಕಿಂತ ಕಠಿಣ. ಆದರೆ “ದೇವರು ಹೇಳಿಬಿಟ್ಟನಲ್ಲ, ಇನ್ನೇನು” ಎಂದು ದಾವೀದ ಕೈಕಟ್ಟಿ ಕೂರಲಿಲ್ಲ, ಗಂಟುಮೂಟೆ ಕಟ್ಟಿದ. ಸಿದ್ಧಾಂತ ಏನೇ ಇರಲಿ, ನನ್ನ ಬಳಿ ಬರುವವರು ಇಷ್ಟನ್ನು ಗಮನಿಸಿದರೂ ನನಗೆ ಸಮಾಧಾನ.

ಇವುಗಳಲ್ಲಿ ಯಾವುದು ಸರಿ? ಮೊಲಿನಾನ ಪುಸ್ತಕದಿಂದ ಯೇಸುಸಭೆಯವರಿಗೂ ಡೊಮಿನಿಕನ್ ಸಂಘದ ಗುರುಗಳಿಗೂ ಎಷ್ಟು ಜಗಳವಾಯಿತೆಂದರೆ ರೋಮಿನಲ್ಲಿ ಅದಕ್ಕೆಂದೇ ನೇಮಿಸಿದ ಸಮಿತಿ ವರ್ಷಗಟ್ಟಲೆ ಕುಳಿತಿತು. ಕೊನೆಗೆ 1607ರಲ್ಲಿ ಐದನೆಯ ಪೌಲ್ ಪೋಪರು ಯಾರ ಪರವೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಖಂಡಿಸಕೂಡದೆಂದು ಹೇಳಿ ಕಳಿಸಿದರು. ನನ್ನ ಒಲವು ಬೊಯೇಥಿಯಸ್‌ನ ಕಡೆಗೆ, ಆದರೆ ಅದನ್ನು ಸಭೆಯ ಬೋಧನೆಯೆಂದು ವೇದಿಕೆಯಿಂದ ಸಾರುವುದಿಲ್ಲ. ಸ್ವತಂತ್ರ ಆಯ್ಕೆಗಳ ಮಟ್ಟಿಗೆ ಭವಿಷ್ಯ ದೇವರಿಗೂ ತೆರೆದೇ ಇದೆ ಎನ್ನುವ ಇತ್ತೀಚಿನ ಪಂಥವೊಂದಿದೆ. ಗಂಟು ಬಿಡಿಸಲು ಹಗ್ಗವನ್ನೇ ಕತ್ತರಿಸಿದಂತಾಯಿತು. ಪೇತ್ರನ ಕೋಳಿಗೆ ಅವರು ಕೊಡುವ ವಿವರಣೆ ನನಗೆ ಒಪ್ಪಿಗೆಯಾಗಿಲ್ಲ.

ಈ ವಾದವನ್ನು ಯಾರ ಮುಂದೆ ಬಿಚ್ಚಬಾರದು ಎಂಬುದನ್ನೂ ಹೊಸ ಸಭಾಪಾಲಕರು ತಿಳಿದಿರಬೇಕು. ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ತಾಯಿ “ದೇವರಿಗೆ ಗೊತ್ತಿತ್ತಲ್ಲ” ಎಂದರೆ ಅದು ಬೇರೆಯೇ ಪ್ರಶ್ನೆ. ‘ಗೊತ್ತಿದ್ದೂ ತಡೆಯಲಿಲ್ಲವೇಕೆ’ ಎಂದು ಆಕೆ ಕೇಳುತ್ತಿದ್ದಾಳೆ. ಆಕೆಗೆ ಕುರ್ಚಿಯ ಉದಾಹರಣೆ ಕೊಡುವವನು ದೇವಶಾಸ್ತ್ರ ಓದಿದ್ದೇ ದಂಡ. ಇನ್ನು ಕೆಲವರು ಈ ಮಾತನ್ನು ತಮ್ಮನ್ನೇ ಹಿಂಸಿಸಿಕೊಳ್ಳಲು ಬಳಸುತ್ತಾರೆ: “ನಾನು ನಾಶವಾಗುವವನೆಂದು ದೇವರಿಗೆ ಗೊತ್ತಿದೆ, ಇನ್ನು ಪ್ರಯತ್ನಪಟ್ಟು ಫಲವಿಲ್ಲ” ಎನ್ನುತ್ತಾರೆ. ದೇವರಿಗೆ ಗೊತ್ತಿರುವುದು ನಿನಗೆ ಹೇಗೆ ಗೊತ್ತಾಯಿತಪ್ಪಾ ಎಂದು ಮೆಲ್ಲಗೆ ಕೇಳುತ್ತೇನೆ. ಅವರಿಗೆ ತರ್ಕಕ್ಕಿಂತ ಜೊತೆ ಬೇಕು, ಕೆಲವೊಮ್ಮೆ ಮನೋವೈದ್ಯರೂ ಬೇಕು. ಅದನ್ನು ಹೇಳಲು ಹಿಂಜರಿಯಬಾರದು.

ಕಡೆಯದಾಗಿ “ಹಾಗಾದರೆ ಪ್ರಾರ್ಥನೆ ಏಕೆ?” ಎನ್ನುವವರು. ಇದು ಕ್ರೈಸ್ತರಿಗಿಂತ ಹಳೆಯ ವಾದ. ಗುಣವಾಗುವುದು ವಿಧಿಯಲ್ಲಿದ್ದರೆ ವೈದ್ಯನನ್ನು ಕರೆದರೂ ಕರೆಯದಿದ್ದರೂ ಗುಣವಾಗುತ್ತದೆ, ಹಾಗಾಗಿ ಕರೆಯುವುದು ವ್ಯರ್ಥ ಎಂಬ ಇದನ್ನು ಗ್ರೀಕರು ಸೋಮಾರಿ ವಾದವೆಂದು ಕರೆದರು. ಕ್ರಿಸಿಪ್ಪಸ್ ಎಂಬ ಸ್ಟೋಯಿಕ್ ತತ್ತ್ವಜ್ಞಾನಿ ಆಗಲೇ ಉತ್ತರ ಕೊಟ್ಟಿದ್ದ: ಗುಣವಾಗುವುದು ವಿಧಿಯಲ್ಲಿದ್ದರೆ ವೈದ್ಯನನ್ನು ಕರೆಯುವುದೂ ಅದರಲ್ಲಿ ಸೇರಿರಬಹುದು. ಅಕ್ವಿನಾಸ್ ಪ್ರಾರ್ಥನೆಯ ಬಗ್ಗೆ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು. ದೇವರ ಮನಸ್ಸು ಬದಲಾಯಿಸಲು ನಾವು ಬೇಡುವುದಲ್ಲ, ಬೇಡಿದರೆ ಸಿಗಲಿ ಎಂದು ಆತನು ಇಟ್ಟಿರುವುದನ್ನು ಪಡೆಯಲು ಬೇಡುತ್ತೇವೆ. ಈ ಪ್ರಶ್ನೆ ಕೇಳುವವರನ್ನು ನಾನು ಗಮನಿಸಿದ್ದೇನೆ. ಮೈ ಬೆಚ್ಚಗಾದರೆ ಪ್ರಾರ್ಥನೆಯನ್ನು ಮುಂದೂಡುತ್ತಾರೆ, ವೈದ್ಯರ ಭೇಟಿಯನ್ನು ಮುಂದೂಡುವುದಿಲ್ಲ.