ಸಂಶೋಧನಾ ಪ್ರಸ್ತಾವನೆಯಲ್ಲಿ ಸಮಿತಿ ಹುಡುಕುವುದೇನು?

ಪಿಎಚ್.ಡಿ. ನೋಂದಣಿಗೆ ಸಲ್ಲಿಸುವ ಸಂಶೋಧನಾ ಪ್ರಸ್ತಾವನೆಯನ್ನು, ಅಂದರೆ ನಮ್ಮ ವಿಭಾಗಗಳಲ್ಲಿ ಎಲ್ಲರೂ ಸಿನಾಪ್ಸಿಸ್ ಎಂದೇ ಕರೆಯುವ ಆ ಹದಿನೈದಿಪ್ಪತ್ತು ಪುಟಗಳನ್ನು, ಸಮಿತಿಯ ಸದಸ್ಯರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕ್ರಮವಾಗಿ ಓದುತ್ತಾರೆ ಎಂದು ಅಭ್ಯರ್ಥಿಗಳು ನಂಬಿರುತ್ತಾರೆ. ವಾಸ್ತವದಲ್ಲಿ ನಮ್ಮಲ್ಲಿ ಹೆಚ್ಚಿನವರು ಶೀರ್ಷಿಕೆ ಓದಿದ ಕೂಡಲೇ ಉದ್ದೇಶಗಳ ಪುಟಕ್ಕೆ ಹೋಗುತ್ತೇವೆ, ಅಲ್ಲಿಂದ ಸಂಶೋಧನಾ ವಿಧಾನಕ್ಕೆ ಬರುತ್ತೇವೆ. ಈ ಮೂರಕ್ಕೂ ಪರಸ್ಪರ ಸಂಬಂಧವಿದೆಯೇ ಎಂದು ನೋಡಿದ ನಂತರವೇ ಪೀಠಿಕೆಯ ಸರದಿ. ಬರೆದವರ ಶ್ರಮವಾದರೋ ಬಹುಮಟ್ಟಿಗೆ ಪೀಠಿಕೆಯಲ್ಲೇ ಮುಗಿದಿರುತ್ತದೆ. ವೇದಕಾಲದ ಸ್ತ್ರೀಯರ ಸ್ಥಾನಮಾನದಿಂದ ಹೊರಟು ಸಂವಿಧಾನದ ವಿಧಿಗಳನ್ನು ಹಾದು ಇಂದಿನ ಯೋಜನೆಗೆ ತಲುಪುವ ಹೊತ್ತಿಗೆ ಎಂಟು ಪುಟ ಕಳೆದಿರುತ್ತದೆ, ಸಂಶೋಧನಾ ವಿಧಾನಕ್ಕೆ ಉಳಿಯುವುದು ಒಂದೂವರೆ ಪುಟ. ವಿಷಯ ಮಹತ್ವದ್ದು ಎಂಬುದನ್ನು ಸಮಿತಿ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಅದು ಹುಡುಕುವುದು ಉತ್ತರ ಇನ್ನೂ ತಿಳಿಯದ ಒಂದು ಪ್ರಶ್ನೆಯನ್ನು, ಮತ್ತು ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಮಾಹಿತಿಯನ್ನು ಈ ಅಭ್ಯರ್ಥಿ ತರಬಲ್ಲರೇ ಎಂಬುದಕ್ಕೆ ಆಧಾರವನ್ನು.

ಸಮಾಜವಿಜ್ಞಾನದಲ್ಲಿ ಈಚೆಗೆ ಹೆಚ್ಚಾಗಿ ಬರುತ್ತಿರುವ ಒಂದು ವಿಷಯವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ‘ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ: ದಕ್ಷಿಣ ಕನ್ನಡ ಜಿಲ್ಲೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ’ ಎಂಬ ಶೀರ್ಷಿಕೆಯಲ್ಲಿ ಯೋಜನೆ ಇದೆ, ಜಿಲ್ಲೆ ಇದೆ, ದೊಡ್ಡ ಪದವೊಂದಿದೆ, ಪ್ರಶ್ನೆ ಮಾತ್ರ ಇಲ್ಲ. 2023ರ ಜೂನ್ 11ರಂದು ಆರಂಭವಾದ ಈ ಯೋಜನೆಯಲ್ಲಿ ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರು ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ಹಾಗಾದರೆ ಇದರಿಂದ ನೇರವಾಗಿ ಬದಲಾಗಿರುವುದು ಟಿಕೆಟ್ಟಿನ ಖರ್ಚು. ಆ ಖರ್ಚು ಇಲ್ಲವಾದ ಮೇಲೆ ಕೂಲಿ, ಅಂಗಡಿ ಅಥವಾ ಮನೆಗೆಲಸಕ್ಕೆ ಹೋಗುವ ಮಹಿಳೆಯರು ಮೊದಲಿಗಿಂತ ದೂರದ ಊರಿಗೆ ಕೆಲಸಕ್ಕೆ ಹೋಗುತ್ತಿದ್ದಾರೆಯೇ, ಹಾಗೆ ಹೋದವರ ಗಳಿಕೆ ಹೆಚ್ಚಿದೆಯೇ ಎಂಬುದು ಕೇಳಬಹುದಾದ ಪ್ರಶ್ನೆ. ಇದಕ್ಕೆ ‘ಇಲ್ಲ’ ಎಂಬ ಉತ್ತರವೂ ಬರಬಹುದು, ಅದು ಬಂದರೂ ಪ್ರಬಂಧ ಗಟ್ಟಿಯಾಗಿಯೇ ನಿಲ್ಲುತ್ತದೆ. ‘ಯೋಜನೆಯ ಮಹತ್ವವನ್ನು ತಿಳಿಯುವುದು’, ‘ಸೂಕ್ತ ಸಲಹೆಗಳನ್ನು ನೀಡುವುದು’ ಎಂಬ ಉದ್ದೇಶಗಳಿಗೆ ‘ಇಲ್ಲ’ ಎಂಬ ಉತ್ತರವೇ ಸಾಧ್ಯವಿಲ್ಲ. ಅವುಗಳನ್ನು ಉದ್ದೇಶಗಳ ಪಟ್ಟಿಯಲ್ಲಿ ಕಂಡಾಗ ಸಮಿತಿಯ ಯಾರಾದರೊಬ್ಬರು ಪೆನ್ಸಿಲ್ ಎತ್ತಿಕೊಳ್ಳುವುದು ಖಚಿತ.

ಪೂರ್ವ ಅಧ್ಯಯನಗಳ ಸಮೀಕ್ಷೆಯಲ್ಲಿ ‘ಈ ವಿಷಯದ ಬಗ್ಗೆ ಇದುವರೆಗೆ ಯಾವ ಅಧ್ಯಯನವೂ ನಡೆದಿಲ್ಲ’ ಎಂಬ ವಾಕ್ಯವನ್ನು ಬರೆಯುವ ಮುನ್ನ ಜಿಲ್ಲೆಯ ಹೆಸರನ್ನು ತೆಗೆದು ಹುಡುಕಬೇಕು. ದೆಹಲಿಯಲ್ಲಿ 2019ರ ಅಕ್ಟೋಬರ್ 29ರಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಗುಲಾಬಿ ಟಿಕೆಟ್ ಜಾರಿಗೆ ಬಂದಿತು; ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ, ಅದರ ಪರಿಣಾಮವನ್ನು ಅಲ್ಲಿನ ರಾಜ್ಯ ಯೋಜನಾ ಆಯೋಗವೇ ಅಧ್ಯಯನ ಮಾಡಿದೆ; ತೆಲಂಗಾಣ 2023ರ ಡಿಸೆಂಬರಿನಲ್ಲಿ ಇದೇ ದಾರಿ ಹಿಡಿಯಿತು. ಪ್ರಶ್ನೆ ಬಸ್ ದರ ಮತ್ತು ಮಹಿಳೆಯರ ದುಡಿಮೆಗೆ ಸಂಬಂಧಿಸಿದ್ದಾದರೆ ಈ ರಾಜ್ಯಗಳ ಅನುಭವ ಸಮೀಕ್ಷೆಯೊಳಗೆ ಬರಲೇಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎರಡು ಜಾಲತಾಣಗಳಿವೆ: ಶೋಧಗಂಗಾದಲ್ಲಿ ಮುಗಿದ ಪ್ರಬಂಧಗಳೂ ಶೋಧಗಂಗೋತ್ರಿಯಲ್ಲಿ ನೋಂದಣಿಯಾದ ಪ್ರಸ್ತಾವನೆಗಳೂ ಸಿಗುತ್ತವೆ. ಎರಡನೆಯದನ್ನು ನೋಡುವವರು ಕಡಿಮೆ. ಪಕ್ಕದ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯ ನಡೆಯುತ್ತಿದೆಯೇ ಎಂಬುದು ತಿಳಿಯುವುದು ಅಲ್ಲಿಯೇ. ಇನ್ನು ಸಮೀಕ್ಷೆಯನ್ನು ಇಸವಿಯ ಕ್ರಮದಲ್ಲಿ, ಒಬ್ಬ ಲೇಖಕರಿಗೆ ಒಂದು ಪ್ಯಾರಾದಂತೆ ಜೋಡಿಸಿದರೆ ಅದು ಗ್ರಂಥಾಲಯದ ಪಟ್ಟಿಯಾಗುತ್ತದೆ. ಯಾರು ಯಾವ ಮಾಹಿತಿಯಿಂದ ಯಾವ ತೀರ್ಮಾನಕ್ಕೆ ಬಂದರು, ಆ ಮಾಹಿತಿಯಿಂದ ಅಷ್ಟು ಹೇಳಲು ಸಾಧ್ಯವಿತ್ತೇ ಎಂಬ ಕ್ರಮದಲ್ಲಿ ಜೋಡಿಸಿದಾಗ ತಮ್ಮ ಅಧ್ಯಯನದ ಜಾಗ ತಾನಾಗಿಯೇ ಗೋಚರಿಸುತ್ತದೆ.

ಮಾಹಿತಿಯ ಆಕರಗಳ ವಿಚಾರದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೆಚ್ಚಿನ ಪ್ರಸ್ತಾವನೆಗಳು ಇಲ್ಲಿಯೇ ಸಡಿಲವಾಗುತ್ತವೆ. ‘ಪ್ರಾಥಮಿಕ ಹಾಗೂ ದ್ವಿತೀಯಕ ಆಕರಗಳಿಂದ ಮಾಹಿತಿ ಸಂಗ್ರಹಿಸಲಾಗುವುದು’ ಎಂಬ ವಾಕ್ಯ ಏನನ್ನೂ ಹೇಳುವುದಿಲ್ಲ. ಶಕ್ತಿ ಯೋಜನೆಯ ಪ್ರತಿ ಪ್ರಯಾಣಕ್ಕೂ ನಿರ್ವಾಹಕರು ಶೂನ್ಯ ದರದ ಟಿಕೆಟ್ ಕೊಡುತ್ತಾರೆ, ಆದ್ದರಿಂದ ನಿಗಮದ ಬಳಿ ಅಪಾರ ಅಂಕಿಅಂಶಗಳಿವೆ. ಆದರೆ ಆ ಟಿಕೆಟ್ ಎಣಿಸುವುದು ಪ್ರಯಾಣಗಳನ್ನು, ಪ್ರಯಾಣಿಕರನ್ನಲ್ಲ. ಒಬ್ಬಳೇ ಮಹಿಳೆ ವಾರಕ್ಕೆ ಹನ್ನೆರಡು ಸಲ ಓಡಾಡಿದಳೇ, ಹನ್ನೆರಡು ಮಂದಿ ತಲಾ ಒಂದೊಂದು ಸಲ ಹೋದರೇ ಎಂಬುದು ಅದರಲ್ಲಿ ಕಾಣುವುದಿಲ್ಲ. ಕೆಲಸಕ್ಕೆ ಹೋದರೇ ದೇವಸ್ಥಾನಕ್ಕೆ ಹೋದರೇ ಎಂಬುದಂತೂ ಇಲ್ಲವೇ ಇಲ್ಲ. ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯನ್ನು ಉಲ್ಲೇಖಿಸುವವರೂ ಇದ್ದಾರೆ, ಆದರೆ ಯೋಜನೆ ಆರಂಭವಾದ ಅವಧಿಯ ಸಮೀಕ್ಷೆಯ ಮಾದರಿಯನ್ನು ರೂಪಿಸಿದ್ದು ರಾಜ್ಯ ಮಟ್ಟದ ಅಂದಾಜಿಗೆ; ಅದರಿಂದ ಒಂದು ತಾಲ್ಲೂಕಿನ ಚಿತ್ರ ಪಡೆಯಲಾಗದು. ಹೀಗೆ ಯಾವ ಆಕರ ತಮ್ಮ ಪ್ರಶ್ನೆಯ ಯಾವ ಭಾಗಕ್ಕೆ ಉತ್ತರಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದ ಅಭ್ಯರ್ಥಿ ಸಮಿತಿಯ ಅರ್ಧ ಪ್ರಶ್ನೆಗಳಿಗೆ ಮೊದಲೇ ಉತ್ತರಿಸಿರುತ್ತಾರೆ.

ಹೋಲಿಕೆಯ ಗುಂಪು ಯಾವುದು ಎಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ಯೋಜನೆಯ ಮೊದಲು ಮತ್ತು ನಂತರ ಎಂದಷ್ಟೇ ಹೋಲಿಸಿದರೆ, 2023ರ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರಲು ಆರಂಭವಾದದ್ದನ್ನು ಏನು ಮಾಡುವುದು? ಮಹಿಳೆಯ ಕೈಯಲ್ಲಿ ಹಣ ಓಡಾಡುತ್ತಿದ್ದರೆ ಅದಕ್ಕೆ ಬಸ್ಸು ಕಾರಣವೋ ಆ ಹಣ ಕಾರಣವೋ ಬೇರ್ಪಡಿಸಲಾಗದು. ದಕ್ಷಿಣ ಕನ್ನಡವನ್ನು ಆಯ್ದುಕೊಂಡದ್ದು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಪುತ್ತೂರು, ಸುಳ್ಯದ ಕಡೆ ಸರ್ಕಾರಿ ಬಸ್ಸುಗಳ ಸಂಚಾರ ಚೆನ್ನಾಗಿದೆ. ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೊರಟರೆ ಖಾಸಗಿ ಬಸ್ಸುಗಳದೇ ಪ್ರಾಬಲ್ಯ, ಅವುಗಳಲ್ಲಿ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ. ಗೃಹಲಕ್ಷ್ಮಿ ಎರಡೂ ಕಡೆ ತಲುಪಿದೆ. ಆದ್ದರಿಂದ ಮೊದಲಿಗೂ ನಂತರಕ್ಕೂ ಆದ ಬದಲಾವಣೆಯನ್ನು ಎರಡೂ ಬಗೆಯ ಗ್ರಾಮಗಳಲ್ಲಿ ಅಳೆದು, ಆ ಬದಲಾವಣೆಗಳ ನಡುವಿನ ವ್ಯತ್ಯಾಸವನ್ನು ನೋಡಿದರೆ ಉತ್ತರ ಬಸ್ಸಿಗೆ ಹತ್ತಿರವಾಗುತ್ತದೆ. ಎರಡೂ ಕಡೆಯ ದುಡಿಮೆಯ ಸ್ವರೂಪ ಒಂದೇ ಅಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಮನೆಯಲ್ಲೇ ಬೀಡಿ ಕಟ್ಟುವ ಮಹಿಳೆಗೆ ಬಸ್ ದರ ಅಷ್ಟಾಗಿ ತಟ್ಟುವುದಿಲ್ಲ, ಅಡಿಕೆ ತೋಟದ ಕೂಲಿಗೆ ಹೋಗುವವರದು ಬೇರೆ ಲೆಕ್ಕ. ಹಾಗಾಗಿ ಪೇಟೆಯಿಂದ ಸರಿಸುಮಾರು ಒಂದೇ ದೂರದಲ್ಲಿರುವ, ಉದ್ಯೋಗದ ಸ್ವರೂಪದಲ್ಲಿ ಹೋಲುವ ಗ್ರಾಮಗಳನ್ನು ಜೋಡಿ ಮಾಡಿ ಆರಿಸುವ ಕ್ರಮವನ್ನು ಪ್ರಸ್ತಾವನೆಯಲ್ಲೇ ವಿವರಿಸಬೇಕು.

ಮಾದರಿಯ ಗಾತ್ರಕ್ಕೆ, ಅಂದರೆ ಎಷ್ಟು ಮಂದಿಯಿಂದ ಮಾಹಿತಿ ಪಡೆಯಬೇಕು ಎಂಬುದಕ್ಕೆ ಬಂದರೆ, ನಮ್ಮ ರಾಜ್ಯದ ಸಮಾಜವಿಜ್ಞಾನದ ಪ್ರಸ್ತಾವನೆಗಳಲ್ಲಿ 384 ಎಂಬ ಸಂಖ್ಯೆಗೆ ಇರುವ ಗೌರವ ಅಚ್ಚರಿ ಹುಟ್ಟಿಸುವಂಥದು. ಶೇ 95ರ ವಿಶ್ವಾಸ ಮಟ್ಟದಲ್ಲಿ, ಶೇ 5ರ ದೋಷಮಿತಿಯೊಳಗೆ, ಒಂದೇ ಒಂದು ಪ್ರಮಾಣವನ್ನು ಸರಳ ಯಾದೃಚ್ಛಿಕ ಮಾದರಿಯಿಂದ ಅಂದಾಜಿಸಲು ಬೇಕಾದ ಸಂಖ್ಯೆ ಅದು. 1970ರಲ್ಲಿ ಪ್ರಕಟವಾದ, ಮಾದರಿಯ ಗಾತ್ರ ಸೂಚಿಸುವ ಕ್ರೆಜ್ಸಿ ಮತ್ತು ಮಾರ್ಗನ್ ಕೋಷ್ಟಕದಿಂದ ಇಳಿದುಬಂದಿದೆ. ನಮ್ಮ ಉದಾಹರಣೆಯಲ್ಲಿ ಬೇಕಿರುವುದು ಎರಡು ಗುಂಪುಗಳ ಹೋಲಿಕೆ. ಒಂದು ಗುಂಪಿನಲ್ಲಿ ಶೇ 20, ಇನ್ನೊಂದರಲ್ಲಿ ಶೇ 30 ಮಂದಿ ದೂರದ ಕೆಲಸಕ್ಕೆ ಹೋಗುತ್ತಿದ್ದಾರೆ ಎಂಬಷ್ಟು ವ್ಯತ್ಯಾಸವನ್ನು ಹಿಡಿಯಬೇಕಾದರೆ, ರೂಢಿಯ ಮಾನದಂಡಗಳ ಪ್ರಕಾರ ಪ್ರತಿ ಗುಂಪಿಗೆ ಸುಮಾರು 290 ಮಂದಿ ಬೇಕು. ಒಂದೇ ಗ್ರಾಮದವರು ಒಂದೇ ಬಸ್ಸಿನ ವೇಳಾಪಟ್ಟಿಯನ್ನು ನೆಚ್ಚಿರುವುದರಿಂದ ಅವರ ಉತ್ತರಗಳು ಪರಸ್ಪರ ಹೋಲುತ್ತವೆ, ಒಬ್ಬೊಬ್ಬರಿಂದ ಸಿಗುವ ಹೊಸ ಮಾಹಿತಿ ಕಡಿಮೆಯಾಗುತ್ತದೆ. ಅದಕ್ಕಾಗಿ ಒಂದೂವರೆ ಪಟ್ಟು ಹೆಚ್ಚಿಸಿದರೆ ಗುಂಪಿಗೆ 435, ಒಟ್ಟು 870. ದಿನಕ್ಕೆ ಎಂಟು ಸಂದರ್ಶನ ಮಾಡಿದರೂ ಸುಮಾರು 110 ದಿನಗಳ ಕ್ಷೇತ್ರಕಾರ್ಯ. ಒಬ್ಬ ಸಂಶೋಧನಾರ್ಥಿಗೆ ಇದು ಹೆಚ್ಚಾಯಿತು ಎನಿಸಿದರೆ ಪ್ರಶ್ನೆಯನ್ನು ಕಿರಿದಾಗಿಸಬೇಕು, ಇಲ್ಲವೇ ಮೂವತ್ತು ಮಂದಿಯೊಡನೆ ಆಳವಾದ ಸಂದರ್ಶನ ನಡೆಸುವ ಗುಣಾತ್ಮಕ ವಿಧಾನಕ್ಕೆ ಬದಲಾಯಿಸಿ, ಅದಕ್ಕೆ ತಕ್ಕಂತೆ ಉದ್ದೇಶಗಳನ್ನೂ ತಿದ್ದಬೇಕು. ಎರಡೂ ಗೌರವದ ದಾರಿಗಳೇ. ಲೆಕ್ಕವೇ ಇಲ್ಲದೆ 384 ಎಂದು ಬರೆದು ಕ್ಷೇತ್ರದಲ್ಲಿ ಸಿಕ್ಕವರನ್ನೆಲ್ಲ ಸೇರಿಸಿಕೊಳ್ಳುವುದು ಮಾತ್ರ ಸಲ್ಲದು.

ಪ್ರಶ್ನಾವಳಿಯ ಕರಡನ್ನು ಅನುಬಂಧದಲ್ಲಿ ಕೊಡಿ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಒತ್ತಾಯಿಸುತ್ತೇನೆ, ಏಕೆಂದರೆ ಪ್ರಸ್ತಾವನೆಯ ಗಟ್ಟಿತನ ಕಾಣುವುದು ಅಲ್ಲಿ. ‘ಯೋಜನೆಯಿಂದ ನಿಮ್ಮ ಆತ್ಮವಿಶ್ವಾಸ ಹೆಚ್ಚಿದೆಯೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಕಳೆದ ಏಳು ದಿನಗಳಲ್ಲಿ ಕೆಲಸಕ್ಕೆಂದು ಯಾವ ಯಾವ ಊರಿಗೆ ಹೋಗಿದ್ದಿರಿ, ದಿನಕ್ಕೆ ಎಷ್ಟು ಸಿಕ್ಕಿತು?’ ಎಂಬುದಕ್ಕೆ ಉತ್ತರ ಸಿಗುತ್ತದೆ. ಯೋಜನೆಗೆ ಮುಂಚಿನ ಸ್ಥಿತಿ ಕೇಳುವಾಗ ‘2023ರ ಜೂನ್‌ಗೆ ಮೊದಲು’ ಎನ್ನುವುದಕ್ಕಿಂತ ‘ವಿಧಾನಸಭೆ ಚುನಾವಣೆಗೆ ಓಟು ಹಾಕಿದ ಸಮಯದಲ್ಲಿ’ ಎಂದರೆ ನೆನಪು ಹೆಚ್ಚು ನಿಖರವಾಗಿರುತ್ತದೆ. ಆ ಮತದಾನ ನಡೆದದ್ದು ಮೇ 10ರಂದು. ದಕ್ಷಿಣ ಕನ್ನಡದಲ್ಲಿ ಉತ್ತರಗಳು ತುಳುವಿನಲ್ಲೋ ಬ್ಯಾರಿಯಲ್ಲೋ ಬರುವ ಸಾಧ್ಯತೆಯಿರುವುದರಿಂದ ಕೇಳುವವರು ಯಾರು, ದಾಖಲಿಸುವ ಕ್ರಮವೇನು ಎಂದು ಬರೆಯಬೇಕು. ಅತ್ತೆ ಪಕ್ಕದಲ್ಲೇ ಕುಳಿತಿರುವಾಗ ‘ಸಂಬಳ ಯಾರ ಕೈಯಲ್ಲಿರುತ್ತದೆ?’ ಎಂದು ಸೊಸೆಯನ್ನು ಕೇಳಿ ಬರೆದುಕೊಂಡ ಉತ್ತರಕ್ಕೆ ಬೆಲೆಯಿಲ್ಲ. ಒಪ್ಪಿಗೆ, ಗೋಪ್ಯತೆ, ನೈತಿಕ ಸಮಿತಿಯ ಅನುಮತಿ ಎಂಬ ಶೀರ್ಷಿಕೆಯಡಿ ಬರೆಯಬೇಕಾದದ್ದು ಇಂಥ ಸಂದರ್ಭಗಳನ್ನು ನಿಭಾಯಿಸುವ ಬಗೆಯನ್ನು.

ಕಾಲಾವಧಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಇದನ್ನು ಆರು ತಿಂಗಳಿನ ಸಮಭಾಗಗಳಾಗಿ ಕತ್ತರಿಸಿ ತೋರಿಸುವ ಕೋಷ್ಟಕವನ್ನು ಯಾರೂ ನಂಬುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಮನೆಮನೆ ಸುತ್ತುವುದು ಕಷ್ಟ, ಆದ್ದರಿಂದ ಆ 110 ದಿನಗಳು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಎಲ್ಲಿ ಕೂರುತ್ತವೆ ಎಂದು ತೋರಿಸಿದರೆ ಸಾಕು. ನಿಗಮದ ಅಂಕಿಅಂಶಗಳಿಗಾಗಿ ಮೊದಲು ವಿಭಾಗದ ಮೂಲಕ ಪತ್ರ ಬರೆಯಬೇಕು; ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳ ಗಡುವಿದೆ, ಆದರೆ ನಮಗೆ ಬೇಕಾದ ರೂಪದಲ್ಲೇ ಕೋಷ್ಟಕ ಮಾಡಿ ಕೊಡಿ ಎಂದು ಅದರಡಿ ಒತ್ತಾಯಿಸುವಂತಿಲ್ಲ.

ಮಿತಿಗಳ ಭಾಗದಲ್ಲಿ ‘ಸಮಯ ಮತ್ತು ಹಣದ ಅಭಾವದಿಂದ’ ಎಂದು ಆರಂಭಿಸುವ ವಾಡಿಕೆಯನ್ನು ಬಿಡುವುದು ಒಳ್ಳೆಯದು, ಅವುಗಳ ಅಭಾವ ಎಲ್ಲರಿಗೂ ಇದ್ದದ್ದೇ. ಈ ಅಧ್ಯಯನದ ನಿಜವಾದ ಮಿತಿಯೆಂದರೆ ಮುಂಚಿನ ಸ್ಥಿತಿಯ ಮಾಹಿತಿ ಸಂಪೂರ್ಣವಾಗಿ ನೆನಪನ್ನೇ ಅವಲಂಬಿಸಿರುವುದು. ಅದು ಎಷ್ಟರ ಮಟ್ಟಿಗೆ ಉತ್ತರವನ್ನು ವಾಲಿಸಬಹುದು, ಹಳೆಯ ಬಸ್ ಪಾಸು, ಹಾಜರಿ ಪುಸ್ತಕ ಅಥವಾ ಮಾಲೀಕರ ಕೂಲಿ ಲೆಕ್ಕದಿಂದ ಕೆಲವರ ನೆನಪನ್ನಾದರೂ ತಾಳೆ ನೋಡಲು ಸಾಧ್ಯವೇ ಎಂಬುದನ್ನು ಅಲ್ಲಿ ಚರ್ಚಿಸಬೇಕು. ಸಲ್ಲಿಸುವ ಮುನ್ನವೇ ಎರಡು ಗ್ರಾಮಗಳಲ್ಲಿ ಹತ್ತಿಪ್ಪತ್ತು ಮಂದಿಯೊಡನೆ ಪೂರ್ವಪರೀಕ್ಷೆ ನಡೆಸಿ, ಯಾವ ಪ್ರಶ್ನೆ ಕೆಲಸ ಮಾಡಲಿಲ್ಲ, ಅದನ್ನು ಹೇಗೆ ಬದಲಿಸಲಾಯಿತು ಎಂದು ಅರ್ಧ ಪುಟ ಸೇರಿಸಿದ ಪ್ರಸ್ತಾವನೆಗಳು ಸಮಿತಿಯ ಮುಂದೆ ಅಪರೂಪಕ್ಕೊಮ್ಮೆ ಬರುತ್ತವೆ, ಅಂಥವುಗಳ ಚರ್ಚೆ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.